ಆಟಿ ಮುಗಿಯಲಿ ಎಂದು ಇಟ್ಟ ಅರ್ಜಿ

‘ಇದು ಈಗ ಆಗ್ಲಿಕ್ಕಿಲ್ಲ ಮಾರಾಯ್ತಿ,’ ಎಂದಳು ನನ್ನ ಗೆಳತಿ.

ಅವಳು ವಕೀಲೆ, ನೋಟರಿಯೂ ಹೌದು. ಕಾಲೇಜಿನಲ್ಲಿ ನನ್ನ ಪಕ್ಕದ ಬೆಂಚಿನವಳು. ಮಂಗಳೂರಿನ ಬಲ್ಮಠದಲ್ಲಿ ಔಷಧದ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ ಅವಳ ಕಚೇರಿ. ನಾನು ಮತ್ತು ನನ್ನ ಗಂಡ ಅವಳ ಎದುರು ಕುಳಿತಿದ್ದೆವು. ಗಂಡ ಶ್ರೀಲಂಕಾದವನು. ಅವನ ಭಾರತೀಯ ಪೌರತ್ವದ ಅರ್ಜಿಯನ್ನು ಆ ದಿನ ಸಲ್ಲಿಸುವುದೆಂದು ನಿಶ್ಚಯಿಸಿ ಬಂದಿದ್ದೆವು. ಅರ್ಜಿಯನ್ನು ನಾವೇ ತುಂಬಿಸಿಯಾಗಿತ್ತು. ಸಲ್ಲಿಸಿದ ಮೇಲೆ ಕೊಡಬೇಕಾದ ಅಫಿಡವಿಟ್ಟಿಗೆ ಅವಳ ಮೊಹರು ಬೇಕಾಗಿತ್ತು, ಅಷ್ಟೆ. ಬರುವ ದಾರಿಯಲ್ಲಿ ಅವಳಿಗೆಂದು ಒಂದು ಕೇಕು ಸಹ ಕಟ್ಟಿಸಿಕೊಂಡಿದ್ದೆವು.

ಹೀಗೆ ಬರೆದ ಕೂಡಲೇ ಅನುಮಾನ ಶುರುವಾಯಿತು. ಕೇಕು ಆ ದಿನದ್ದೋ, ಅವಳು ಆ ಮಾಳಿಗೆಗೆ ಹೊಸದಾಗಿ ಬಂದ ದಿನದ್ದೋ? ದೊಡ್ಡ ಪೆಟ್ಟು ಬೀಳುವ ಮುಂಚಿನ ಕ್ಷಣಕ್ಕೆ ನನ್ನ ನೆನಪು ಯಾವಾಗಲೂ ಏನಾದರೊಂದು ಸಿಹಿ ತಂದಿಡುತ್ತದೆ, ಪೆಟ್ಟಿನ ಸದ್ದು ಚೆನ್ನಾಗಿ ಕೇಳಲಿ ಎಂದು. ಆದ್ದರಿಂದ ಕೇಕನ್ನು ಬಿಟ್ಟುಬಿಡಿ. ಕುರ್ಚಿಗಳಿದ್ದವು. ಅವಳಿದ್ದಳು. ಅವನ ಪಾಸ್‌ಪೋರ್ಟ್ ಅವಳ ಕೈಯಲ್ಲಿತ್ತು. ಹಾಳೆ ತಿರುಗಿಸುತ್ತಿದ್ದವಳು ಒಂದು ಕಡೆ ನಿಂತಳು.

‘ಇದು ಎಂತ ಬಾವ? ಆಗಸ್ಟಿನಲ್ಲಿ ಹೊರಗೆ ಹೋದ ಸ್ಟಾಂಪ್ ಉಂಟಲ್ಲ?’

ಗೆಳತಿಯ ಗಂಡನೆಂದರೆ ನಮ್ಮಲ್ಲಿ ಬಾವನೇ. ಅವಳದು ಬ್ಯಾರಿ ಮುಸ್ಲಿಂ ಕುಟುಂಬ, ನಮ್ಮದು ತುಳು ಮಾತಾಡುವ ಮನೆ, ಇವನು ಸಿಂಹಳೀಯ. ಆದರೂ ಬಾವ.

‘ಅಮ್ಮನಿಗೆ ಹುಷಾರಿರಲಿಲ್ಲ. ಹೋದೆ. ಅಮ್ಮ ತೀರಿಕೊಂಡರು,’ ಎಂದ ಅವನು. ಅವನ ತುಳು ನನ್ನ ಅಮ್ಮನ ಹೋಟೆಲಿನ ಅಡುಗೆಕೋಣೆಯಲ್ಲಿ ಕಲಿತದ್ದು, ಕನ್ನಡವನ್ನು ಪತ್ರಿಕೆ ಓದಿ ಕಲಿತದ್ದು. ದುಃಖದ ಮಾತನ್ನು ಅವನು ಯಾವಾಗಲೂ ಕನ್ನಡದಲ್ಲೇ ಹೇಳುತ್ತಾನೆ.

‘ಅಯ್ಯೋ ದೇವರೇ. ನನಗೆ ಗೊತ್ತೇ ಇಲ್ಲ. ನೀನೊಂದು ಮೆಸೇಜಾದರೂ ಹಾಕ್ಲಿಕ್ಕಾಗ್ಲಿಲ್ವಾ?’ ಎಂದು ನನ್ನನ್ನು ಬೈದಳು. ಮತ್ತೆ ಇನ್ನೊಂದು ಹಾಳೆ ತಿರುಗಿಸಿದಳು. ಆಮೇಲೆ ಅದೇ ದನಿಯಲ್ಲಿ, ‘ವಾಪಸ್ ಬಂದದ್ದು ಸೆಪ್ಟೆಂಬರ್ ಕೊನೆಗೆ?’

‘ಹೌದು.’

ಆಗ ಅವಳು ಆ ಮಾತು ಹೇಳಿದ್ದು. ಈಗ ಆಗ್ಲಿಕ್ಕಿಲ್ಲ.

ನಾನು ನಕ್ಕೆ. ಇದು ನನಗೆ ಸರಿಯಾಗಿ ನೆನಪಿದೆ, ಯಾಕೆಂದರೆ ನೆನಪಿರುವುದು ನನಗೆ ಇಷ್ಟವಿಲ್ಲ. ‘ಏಳು ವರ್ಷ ಆಗಿದೆ ಮಾರಾಯ್ತಿ. ಜುಲೈಯಲ್ಲೇ ತುಂಬಿದೆ. ಬೇಕಾದರೆ ನೀನೇ ಕೂಡಿಸಿ ನೋಡು,’ ಎಂದೆ.

‘ಕೂಡಿಸುವುದು ಅಲ್ಲ ಇದು. ಹಿಂದಕ್ಕೆ ನೋಡುವುದು.’ ಅವಳು ಪಾಸ್‌ಪೋರ್ಟನ್ನು ಮೇಜಿನ ಮೇಲಿಟ್ಟು ಅದರ ಮೇಲೆ ಅಂಗೈ ಊರಿದಳು. ‘ಅರ್ಜಿ ಹಾಕುವ ದಿನ ಉಂಟಲ್ಲ, ಅಲ್ಲಿಂದ ಹಿಂದಕ್ಕೆ ಒಂದು ವರ್ಷ. ಆ ವರ್ಷ ಪೂರ್ತಿ ಇಲ್ಲೇ ಇರಬೇಕು, ನಡುವೆ ಬಿಟ್ಟು ಹೋಗಬಾರದು. ಅದರ ಹಿಂದಿನ ಎಂಟು ವರ್ಷದಲ್ಲಿ ಆರು ವರ್ಷ ಇದ್ದರೆ ಆಯ್ತು. ಅದು ನಿಮಗೆ ಉಂಟು. ಕೊನೆಯ ವರ್ಷವೇ ಇಲ್ಲ. ಕಷ್ಟಕ್ಕೆ ಸುಖಕ್ಕೆ ಅಂತ ಮೂವತ್ತು ದಿನ ಬಿಡ್ತಾರೆ, ಅದು ಸಹ ಅವರ ಮನಸ್ಸು. ನೀವು ಮೂವತ್ತು ದಾಟಿದ್ದೀರಿ.’

‘ಜುಲೈಯಲ್ಲಿ ಹಾಕಿದ್ದರೆ?’ ಎಂದ ನನ್ನ ಗಂಡ.

‘ಜುಲೈಯಲ್ಲಿ ಹಾಕಿದ್ದರೆ ಕೊನೆಯ ವರ್ಷ ಪೂರ್ತಿ ಇತ್ತಲ್ಲ. ಆಮೇಲೆ ಹೋಗಿದ್ದರೂ ಈ ಪ್ರಶ್ನೆ ಬರುತ್ತಿರಲಿಲ್ಲ. ಜುಲೈಯಲ್ಲಿ ಯಾಕೆ ಹಾಕ್ಲಿಲ್ಲ ಮತ್ತೆ? ಎಲ್ಲ ತುಂಬಿಸಿ ಆಗಿತ್ತು ಅಂದಿದ್ದಿ?’

ಕೊಡಬೇಕಾದ ಉತ್ತರ ಆ ಕೋಣೆಯಲ್ಲಿ ಹೇಳುವಂಥದ್ದಾಗಿರಲಿಲ್ಲ. ಆದರೂ ನಾನೇ ಹೇಳಿದೆ.

‘ಆಟಿ ಇತ್ತು.’

ಅವಳು ನನ್ನನ್ನು ನೋಡಿದಳು. ಅವಳಿಗೆ ಆಟಿ ಗೊತ್ತು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆ ತಿಂಗಳಲ್ಲಿ ತುಳುವರ ಮನೆಯಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸತು ಯಾವುದೂ ಇಲ್ಲ. ಅವಳ ಅಣ್ಣಂದಿರ ಬಟ್ಟೆ ಅಂಗಡಿಯಲ್ಲಿ ಆ ತಿಂಗಳು ವ್ಯಾಪಾರ ಕುಸಿಯುವುದನ್ನು ಅವಳು ಸಣ್ಣಂದಿನಿಂದ ನೋಡಿದವಳು.

‘ಆನ್‌ಲೈನ್ ಅರ್ಜಿಗೂ ಆಟಿಯಾ?’ ಎಂದಳು. ನಗಲು ಹೊರಟವಳು ನಗಲಿಲ್ಲ.

ಅವನು ಇಲ್ಲಿಗೆ ಬಂದದ್ದು ಹೇಗೆ ಎಂಬುದನ್ನು ಚಿಕ್ಕದಾಗಿ ಹೇಳುತ್ತೇನೆ. ದೋಹಾದ ಒಂದು ಹೋಟೆಲಿನಲ್ಲಿ ನಾನು ರಿಸೆಪ್ಶನ್ನಿನಲ್ಲಿದ್ದೆ, ಅವನು ಒಳಗೆ ಬ್ರೆಡ್ಡು ಮಾಡುವವನು. ಮದುವೆಯಾಗಿ ಮಂಗಳೂರಿಗೆ ಬಂದೆವು. ಇಲ್ಲಿ ಅಮ್ಮನ ಮೀನೂಟದ ಹೋಟೆಲಿತ್ತು. ಅಮ್ಮನ ಹಿರಿಯರಿಗೆ ಭೂಮಿ ಇತ್ತಂತೆ, ಅದು ಹೋಯಿತು. ಅಮ್ಮನ ಪಾಲಿಗೆ ಉಳಿದದ್ದು ಭೂಮಿ ಇದ್ದವರ ಪಂಚಾಂಗ. ಯಾವ ತಿಂಗಳಲ್ಲಿ ಏನು ಮಾಡಬಾರದು ಎಂಬುದರಲ್ಲಿ ಅವರು ಇಂದಿಗೂ ಒಂದು ಎಕರೆಯನ್ನೂ ಕಳೆದುಕೊಂಡಿಲ್ಲ.

ಮೊದಲ ವರ್ಷಗಳಲ್ಲಿ ಅವನು ವೀಸಾದ ಮೇಲಿದ್ದ. ಮದುವೆಗೆ ಎರಡು ವರ್ಷ ತುಂಬಿದ ಮೇಲೆ ವಿದೇಶಿ ಗಂಡಂದಿರಿಗೆ ಕೊಡುವ ಕಾರ್ಡು ಸಿಕ್ಕಿತು. ಜೀವಮಾನದ ವೀಸಾ ಇದ್ದ ಹಾಗೆ. ಯಾವಾಗ ಬೇಕಾದರೂ ಬರಬಹುದು, ಹೋಗಬಹುದು, ಕೆಲಸ ಮಾಡಬಹುದು. ಮತ ಹಾಕುವಂತಿಲ್ಲ. ನಮಗೆ ಅಷ್ಟು ಸಾಕಾಗಿತ್ತು. ಪೌರತ್ವದ ಮಾತು ನಮ್ಮ ಮನೆಯಲ್ಲಿ ಬಂದೇ ಇರಲಿಲ್ಲ.

ನಾನು ಬಸುರಿಯಾಗಿದ್ದಾಗ ಅವನು ತಾಯಿಯನ್ನು ನೋಡಿ ಬರುತ್ತೇನೆಂದು ಗಾಲೆಯ ಹತ್ತಿರದ ತನ್ನ ಊರಿಗೆ ಹೋದ. ಒಂದು ವಾರಕ್ಕೆಂದು ಹೋದದ್ದು. ಆ ವಾರದಲ್ಲಿ ರೋಗದ ಸುದ್ದಿ ಹಬ್ಬಿ ದೇಶಗಳೆಲ್ಲ ಬಾಗಿಲು ಹಾಕಿಕೊಂಡವು. ಭಾರತೀಯರನ್ನು ಕರೆತರಲು ಸ್ವಲ್ಪ ಸಮಯದಲ್ಲಿ ವಿಮಾನ ಹೊರಟಿತು, ಹಡಗು ಸಹ ಹೊರಟಿತು. ಅವನ ಕಾರ್ಡನ್ನು ಮಾತ್ರ ಸದ್ಯಕ್ಕೆ ತಡೆಹಿಡಿದಿದ್ದರು. ಜೀವಮಾನ ಎಂದು ಬರೆದಿದ್ದ ಕಾರ್ಡು. ಕೊಲಂಬೊದಲ್ಲಿ ನಿಂತ ಹಡಗಿನ ಫೋಟೋವನ್ನು ಅವನು ಊರಿನಲ್ಲಿ ಕೂತು ಪತ್ರಿಕೆಯಲ್ಲಿ ನೋಡಿದ. ನಾನು ಇಲ್ಲಿ ಹೆತ್ತೆ. ಅವನು ಮಗಳನ್ನು ಮೊದಲು ನೋಡಿದ್ದು ಫೋನಿನಲ್ಲಿ. ನರ್ಸು ಫೋನನ್ನು ಓರೆಯಾಗಿ ಹಿಡಿದಿದ್ದರಿಂದ ಅವನಿಗೆ ಕಂಡದ್ದು ಹೆಚ್ಚಾಗಿ ಸೀಲಿಂಗು. ತಿಂಗಳುಗಳು ಕಳೆದು ಅವನು ಬಂದಾಗ ಮಗು ಅವನನ್ನು ನೋಡಿ ಅಳಲಿಲ್ಲ, ನಗಲೂ ಇಲ್ಲ, ಹೋಟೆಲಿಗೆ ಬಂದ ಗಿರಾಕಿಯನ್ನು ನೋಡುವ ಹಾಗೆ ನೋಡಿತು.

ಆ ರಾತ್ರಿಯೋ ಮರುದಿನವೋ ಅವನು ಹೇಳಿದ್ದು: ‘ಇನ್ನೊಮ್ಮೆ ಬಾಗಿಲು ಹಾಕಿದರೆ ನಾನು ಒಳಗಿರಬೇಕು.’

ಅಂದಿನಿಂದ ಪೌರತ್ವ. ಹೊರಗಿದ್ದ ತಿಂಗಳುಗಳನ್ನು ಕಳೆದು ಏಳು ವರ್ಷ ತುಂಬುವುದು ಯಾವಾಗ ಎಂದು ಲೆಕ್ಕ ಹಾಕಿದೆವು. ಜುಲೈ ನಡುವಿಗೆ ಬಂತು. ನಾವು ಆ ಏಳು ವರ್ಷವನ್ನು ಬಾವಿಕಟ್ಟೆಯ ಕೊಡದ ಹಾಗೆ ತಿಳಿದಿದ್ದೆವು. ಒಮ್ಮೆ ತುಂಬಿದರೆ ತುಂಬಿದ ಹಾಗೆಯೇ ಇರುತ್ತದೆ, ಯಾವಾಗ ಬೇಕಾದರೂ ಎತ್ತಿಕೊಂಡು ಹೋಗಬಹುದು. ಕೊನೆಯ ಒಂದು ವರ್ಷದ ಮಾತು ಆ ಅರ್ಜಿಯ ಸೂಚನೆಗಳಲ್ಲಿ ಇತ್ತು. ನಾನು ಓದಿದ್ದೆ. ಓದುವಾಗ ಅವನು ಇಲ್ಲೇ ಇದ್ದ, ಇಡೀ ವರ್ಷ ಎಲ್ಲಿಗೂ ಹೋಗಿರಲಿಲ್ಲ. ಆದ್ದರಿಂದ ಆ ಸಾಲು ನಮಗೆ ಸಂಬಂಧಪಟ್ಟದ್ದು ಅನ್ನಿಸಲಿಲ್ಲ.

ಈಗ ಆ ಜುಲೈಯ ಸಂಜೆ. ಇದನ್ನು ನಾನು ಎಷ್ಟು ಸಲ ಬರೆದು ಹೊಡೆದುಹಾಕಿದ್ದೇನೆ! ಮೊದಲ ಸಲ ಮಳೆಯಿಂದ ಶುರುಮಾಡಿದ್ದೆ. ಹೊಡೆದುಹಾಕಿದೆ. ಆಟಿಯಲ್ಲಿ ಮಳೆ ಇದ್ದೇ ಇರುತ್ತದೆ, ಅದಕ್ಕೆ ನನ್ನ ನೆನಪಿನ ಸಹಾಯ ಬೇಡ. ಇದ್ದದ್ದು ಇಷ್ಟು: ಹೋಟೆಲಿನ ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದಿತ್ತು. ಅರ್ಜಿಯ ಎಲ್ಲ ಪುಟ ತುಂಬಿತ್ತು, ಫೋಟೋ ಏರಿಸಿಯಾಗಿತ್ತು. ಸಲ್ಲಿಸು ಎಂಬುದನ್ನು ಒತ್ತುವುದೊಂದು ಬಾಕಿ. ಅಮ್ಮ, ನಾನು, ಅವನು ಅಲ್ಲಿದ್ದೆವು. ಯಾರೋ ಒಬ್ಬರು ಆಟಿ ಮುಗಿಯಲಿ ಎಂದರು. ಲ್ಯಾಪ್‌ಟಾಪ್ ಮುಚ್ಚಿದೆವು.

ಯಾರು ಹೇಳಿದ್ದು?

ನನ್ನ ಪ್ರಕಾರ ಅಮ್ಮ. ಅಮ್ಮನ ಮಾತು ಅಕ್ಷರ ಅಕ್ಷರ ನೆನಪಿದೆ: ‘ಆಟಿಯಲ್ಲಿ ಹೊಸ ಸೀರೆ ಸಹ ತೆಗೆಯುವುದಿಲ್ಲ, ನೀವು ಹೊಸ ದೇಶ ತೆಗೀತೀರಾ?’ ನಾವೆಲ್ಲ ನಕ್ಕೆವು. ಮಾತು ಇಷ್ಟು ಚೆಂದ ಇರುವುದರಿಂದಲೇ ನನಗೆ ಸಂಶಯ. ಅಮ್ಮ ಇಷ್ಟು ಚೆಂದ ಮಾತಾಡುವುದು ನಾನು ಅವರ ಬಗ್ಗೆ ಬರೆಯುವಾಗ ಮಾತ್ರ.

ಗೆಳತಿಯ ಕಚೇರಿಯಿಂದ ಮನೆಗೆ ಬಂದು ವಿಷಯ ಹೇಳಿದಾಗ ಅಮ್ಮ ಮೀನು ಹೆಚ್ಚುತ್ತಿದ್ದವರು ಮೆಟ್ಟುಕತ್ತಿಯ ಮುಂದಿನಿಂದ ಎದ್ದರು.

‘ಒಂದು ತಿಂಗಳಿಗೆ ಹೋಯ್ತಾ? ಒಂದೇ ತಿಂಗಳಿಗೆ?’

‘ಹೌದಮ್ಮ.’

‘ಹಾಗಾದರೆ ನನ್ನಿಂದ. ನಾನೇ ಆಟಿ ಅಂದದ್ದು.’

‘ನೀವಲ್ಲ ಮಾಮಿ,’ ಎಂದ ಅವನು. ‘ನಾನು. ನೀವು ಹಾಲು ಕಾಯಿಸಲಿಕ್ಕೆ ಹೋಗಿದ್ದಿರಿ. ನಾನೇ ಲ್ಯಾಪ್‌ಟಾಪ್ ಮುಚ್ಚಿದ್ದು.’

‘ಸುಮ್ಮನೆ ಮುದುಕಿಯ ಮಾನ ಉಳಿಸಲಿಕ್ಕೆ ಹೇಳಬೇಡಿ.’

‘ಇಲ್ಲ ಮಾಮಿ. ನಮ್ಮ ಊರಲ್ಲೂ ಉಂಟು.’

ಅದನ್ನು ಅವನು ಮೊದಲ ವರ್ಷವೇ ನನಗೆ ಹೇಳಿದ್ದ. ಅವರ ಹೊಸ ವರ್ಷದ ಹೊತ್ತಿಗೆ ಕೆಲವು ಗಂಟೆಗಳ ಒಂದು ಖಾಲಿ ಕಾಲ ಬರುತ್ತದೆ. ಆಗ ಒಲೆ ಹಚ್ಚುವುದಿಲ್ಲ, ಹೊಸ ಕೆಲಸ ತೊಡಗುವುದಿಲ್ಲ, ಸುಮ್ಮನಿರಬೇಕು. ಆಟಿಯನ್ನು ತನ್ನ ತಾಯಿಗೆ ಫೋನಿನಲ್ಲಿ ವಿವರಿಸುವಾಗ, ಇಲ್ಲಿಯವರಿಗೆ ಆ ಖಾಲಿ ಕಾಲ ಒಂದು ತಿಂಗಳಿಡೀ ಇರುತ್ತದೆ ಎಂದಿದ್ದ. ಆ ತಾಯಿ, ಎಂಥ ಒಳ್ಳೆಯ ಜನ, ಎಂದಿದ್ದರಂತೆ.

ಅಂದರೆ ಇವನು ನಮ್ಮವನಾಗಿದ್ದರಿಂದ ಆ ಗುಂಡಿ ಒತ್ತಲಿಲ್ಲ, ಒತ್ತದೆ ಇದ್ದದ್ದರಿಂದ ನಮ್ಮವನಾಗಲಿಲ್ಲ. ಇದನ್ನು ಬರೆದು ಓದಿ ನೋಡಿದೆ. ತೀರಾ ಅಚ್ಚುಕಟ್ಟಾಗಿದೆ. ಜೀವನ ಹೀಗೆ ಅಂಚು ಮಡಿಸಿ ಬರುವುದಿಲ್ಲ. ಮೂವರೂ ಹೇಳಿರಬಹುದು, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು. ಯಾರೂ ಹೇಳದೆಯೂ ಇರಬಹುದು. ಬಾಗಿಲ ಹತ್ತಿರ ಚಪ್ಪಲಿ ಬಿಡುವಂತೆ ನಾವು ಆ ತಿಂಗಳನ್ನು ಬಿಟ್ಟಿದ್ದೆವು, ಅದಕ್ಕೆ ಮಾತೇ ಬೇಕಿರಲಿಲ್ಲ.

ಗೆಳತಿಯ ಕಚೇರಿಯಿಂದ ಬಂದ ಆ ಸಂಜೆ ಅಮ್ಮ ಎರಡು ಸಲ ಹೇಳಿದರು: ‘ಒಳ್ಳೆಯದಾಗಲಿ ಅಂತಲೇ ಅಲ್ವಾ ತಡ ಮಾಡಿದ್ದು.’ ಅವರು ಹೇಳಿದ್ದು ನಮಗಲ್ಲ. ಕೆಟ್ಟ ತಿಂಗಳಲ್ಲಿ ಶುರುಮಾಡಿ ಕೆಟ್ಟರೆ ಅವರಿಗೆ ಅರ್ಥವಾಗುತ್ತಿತ್ತು. ಕೆಟ್ಟ ತಿಂಗಳು ದಾಟಲಿ ಎಂದು ಕಾದದ್ದೇ ಕೆಡಿಸಿತು ಎಂಬುದು ಅವರ ಲೋಕದಲ್ಲಿ ಇರಲಿಲ್ಲ. ಆ ದಿನ ಅವರು ಹೋಟೆಲಿನ ಬಾಗಿಲನ್ನು ಬೇಗ ಮುಚ್ಚಿಸಿದರು.

ಆಟಿಯ ನಡುವೆ ಅವನ ತಂಗಿಯ ಫೋನು ಬಂದಿತ್ತು. ತಾಯಿ ಬಚ್ಚಲಿನಲ್ಲಿ ಬಿದ್ದಿದ್ದರು, ಮಾತು ಹೋಗಿತ್ತು. ಅವನು ಮರುದಿನವೇ ಹೊರಟ. ಆ ಹೊತ್ತಿನಲ್ಲಿ ಅರ್ಜಿ ನಮ್ಮ ಯಾರ ತಲೆಯಲ್ಲೂ ಇರಲಿಲ್ಲ. ಮಗಳ ಪಾಸ್‌ಪೋರ್ಟ್ ಆಗಿರಲಿಲ್ಲ, ಹೋಟೆಲನ್ನು ಬಿಡುವ ಹಾಗಿರಲಿಲ್ಲ, ನಾನು ಇಲ್ಲೇ ಉಳಿದೆ. ತಾಯಿ ಮಾತಿಲ್ಲದೆ ಮಲಗಿದ್ದರು. ಆಮೇಲೆ ತೀರಿಕೊಂಡರು. ಒಬ್ಬನೇ ಮಗ. ಏಳನೆಯ ದಿನ ಭಿಕ್ಷುಗಳಿಗೆ ಊಟ ಕೊಡುವ ದಾನ ಮಾಡಿದ. ಅದರ ನಂತರ ತಂಗಿ ಆ ಮನೆಯಲ್ಲಿ ಒಬ್ಬಳೇ ಮಲಗಲು ಹೆದರುತ್ತಾಳೆಂದು ಉಳಿದ. ಅಮ್ಮ ಇಲ್ಲಿಂದ ಫೋನಿನಲ್ಲಿ, ‘ನಿಧಾನ ಬನ್ನಿ, ಇಲ್ಲಿಯ ಅರ್ಜಿ ಎಲ್ಲಿಗೂ ಓಡಿಹೋಗುವುದಿಲ್ಲ,’ ಎಂದರು. ಆಟಿ ಮುಗಿಯಿತು. ಸೋಣ ತಿಂಗಳು ಬಂತು, ಅಷ್ಟಮಿ ಬಂತು, ಚೌತಿ ಬಂತು. ಎಂಥ ಶುಭದಿನವಿದ್ದರೂ ಅವನಿಲ್ಲದೆ ಅರ್ಜಿ ಹಾಕುವ ಹಾಗಿರಲಿಲ್ಲ, ಅವನು ಹೊರಗಿದ್ದ. ಅವನು ಬಂದ ಮೇಲೆ ಹಾಕಿದರಾಯಿತು ಎಂದುಕೊಂಡೆವು.

ಗೆಳತಿ ಆಮೇಲೆ ಒಂದು ಭಾನುವಾರ ಮನೆಗೆ ಬಂದಳು. ಕಚೇರಿಯಲ್ಲಿ ಹೇಳಿದ್ದನ್ನು ಇನ್ನೊಮ್ಮೆ ಬಿಡಿಸಿ ಹೇಳಲಿಕ್ಕೆ. ಅವಳ ಮನೆಯಲ್ಲಿ ದಿನ ಎಣಿಸುವ ಈ ವ್ಯವಹಾರ ಎಲ್ಲರಿಗೂ ಬಾಯಿಪಾಠ. ಒಬ್ಬ ಅಣ್ಣ ಗಲ್ಫಿನಲ್ಲಿದ್ದಾನೆ. ಊರಿಗೆ ಬಂದವನು ಆರು ತಿಂಗಳು ದಾಟಿದರೆ ಅಲ್ಲಿ ವಾಸಕ್ಕೆ ಕೊಟ್ಟ ಪರವಾನಗಿ, ಇಕಾಮ, ಹೋಗುತ್ತದೆ. ‘ನಮ್ಮ ಅತ್ತಿಗೆ ಹೆರಿಗೆ ನೋವು ತಿನ್ನುವಾಗ ಸಹ ಅಣ್ಣನ ವಾಪಸ್ ಟಿಕೆಟ್ಟಿನ ದಿನ ಹೇಳ್ತಿದ್ದಳು,’ ಎಂದಳು. ಅಮ್ಮ ಅವಳ ಮುಂದೆ ಬಂಗುಡೆ ಹುರಿದಿಟ್ಟು, ‘ತಿನ್ನು ಮಗಾ, ತಿಂದು ಹೇಳು,’ ಎಂದರು.

‘ಹೇಳುವುದೆಂತ ಆಂಟಿ. ಸೆಪ್ಟೆಂಬರ್ ಕೊನೆಗೆ ಬಂದಿದ್ದಾರಲ್ಲ, ಅಲ್ಲಿಂದ ಒಂದು ವರ್ಷ. ಬರುವ ಸೆಪ್ಟೆಂಬರಿನವರೆಗೆ ದೇಶ ಬಿಟ್ಟು ಕಾಲು ಹೊರಗಿಡಬಾರದು. ಮುಗಿದ ಮರುದಿನವೇ ಹಾಕುವುದು. ನಾನೇ ಬಂದು ಒತ್ತುತ್ತೇನೆ.’

ಆಗ ನನ್ನ ಗಂಡ ಹೇಳಿದ: ‘ನವೆಂಬರಿನಲ್ಲಿ ಮೂರು ತಿಂಗಳ ದಾನ ಇದೆ.’

ಅವರಲ್ಲಿ ಸತ್ತವರಿಗೆ ಏಳನೆಯ ದಿನ, ಮೂರನೆಯ ತಿಂಗಳು, ಆಮೇಲೆ ಪ್ರತಿ ವರ್ಷ ದಾನ. ಮಗ ನಿಂತು ಕೊಡಬೇಕು.

‘ಎಷ್ಟು ದಿನ?’

‘ಒಂದು ವಾರ.’

ಅವಳು ಬಂಗುಡೆಯ ಮುಳ್ಳು ತೆಗೆಯುತ್ತಾ ಯೋಚಿಸಿದಳು. ‘ಮೂವತ್ತರ ಒಳಗೆ ಬರ್ತದೆ. ಕಾರಣ ಬರೆದು ಕೊಟ್ಟರೆ ಬಿಡಬಹುದು. ಬಿಡದೆಯೂ ಇರಬಹುದು. ಆ ಮೇಜಿನ ಆಚೆ ಕೂತವರ ಮೇಲೆ. ಬಿಡದಿದ್ದರೆ ಮತ್ತೆ ಶುರುವಿನಿಂದ. ನಾನಾದರೆ ಹೋಗುವುದಿಲ್ಲ ಬಾವ. ಸತ್ತವರು ಕಾಯ್ತಾರೆ, ಆಫೀಸು ಕಾಯುವುದಿಲ್ಲ.’

ಹೇಳಿದ ಮೇಲೆ ಅವಳಿಗೇ ತನ್ನ ಮಾತು ಕೇಳಿಸಿತು. ‘ತಪ್ಪು ತಿಳ್ಕೊಳ್ಳಬೇಡಿ,’ ಎಂದಳು ಸಣ್ಣ ದನಿಯಲ್ಲಿ.

‘ವರ್ಷದ ದಾನ ಆಗಸ್ಟಿನಲ್ಲಿ,’ ಎಂದ ಅವನು. ಅವನು ಸಿಟ್ಟಾಗಿರಲಿಲ್ಲ. ಬ್ರೆಡ್ಡಿಗೆ ಹಿಟ್ಟು ಅಳೆಯುವಾಗ ಇರುವಂಥ ಮುಖ. ‘ಅದೂ ಸೆಪ್ಟೆಂಬರಿಗೆ ಮೊದಲು. ನವೆಂಬರಿಗೆ ಹೋಗಿ, ಅದನ್ನು ಅವರು ಮನ್ನಾ ಮಾಡುವುದಿಲ್ಲ ಅಂತಾದರೆ, ಬಂದ ದಿನದಿಂದ ಹೊಸ ವರ್ಷ ಶುರು. ಆ ವರ್ಷದ ಒಳಗೂ ಆಗಸ್ಟ್ ಬರ್ತದೆ. ಆಗಸ್ಟಿಗೆ ಹೋದರೆ ಅಲ್ಲಿಂದ ಮತ್ತೆ ಒಂದು ವರ್ಷ, ಅದರ ಕೊನೆಗೆ ಮತ್ತೆ ಆಗಸ್ಟ್. ಅಂದರೆ ಒಂದು ವರ್ಷ ಪೂರ್ತಿ ನಾನು ಮಗನಾಗಿರಬಾರದು. ಯಾವ ವರ್ಷ ಅಂತ ನಾನೇ ಆರಿಸಬೇಕು.’

ನನಗೆ ಆ ಕ್ಷಣದಲ್ಲಿ ಆದದ್ದನ್ನು ದಿಗ್ಭ್ರಮೆ ಎನ್ನಬಹುದು. ಆದರೆ ಆ ಪದವನ್ನು ಎಲ್ಲರೂ ಎಲ್ಲದಕ್ಕೂ ಬಳಸಿ ಸವೆದಿದೆ. ನಮ್ಮ ಹೋಟೆಲಿನ ದೊಡ್ಡ ಫ್ರಿಜ್ಜು ಹಗಲಿಡೀ ಗುಂಯ್ ಎನ್ನುತ್ತಿರುತ್ತದೆ, ಯಾರಿಗೂ ಕೇಳುವುದಿಲ್ಲ. ಕರೆಂಟು ಹೋದಾಗ ಅದು ನಿಲ್ಲುತ್ತದೆ, ಆಗ ಎಲ್ಲರೂ ತಲೆ ಎತ್ತುತ್ತಾರೆ. ನನ್ನೊಳಗೆ ಹಾಗೆ ಏನೋ ನಿಂತಿತು. ಒಂದು ಸಾಧಾರಣ ನಿಯಮ, ಯಾರನ್ನೂ ಉದ್ದೇಶಿಸಿ ಬರೆಯದ್ದು, ನಮ್ಮ ಊಟದ ಮೇಜಿನ ಮೇಲೆ ಬಂದು ಇವನು ಯಾರ ಮಗ ಎಂದು ಕೇಳುತ್ತಿತ್ತು.

ಅಮ್ಮ ತೀರ್ಮಾನ ಕೊಟ್ಟರು: ‘ನೀವು ಹೋಗಿ. ಕಾಗದ ಮತ್ತೆ ಹಾಕ್ಲಿಕ್ಕೆ ಆಗ್ತದೆ.’

‘ಹೇಗೆ ಆಗ್ತದಮ್ಮ?’ ಎಂದೆ ನಾನು. ‘ಇನ್ನೊಮ್ಮೆ ಬಾಗಿಲು ಹಾಕಿದರೆ? ಇವನು ಅಲ್ಲಿ, ನಾವು ಇಲ್ಲಿ? ಮಗು ನಿಮ್ಮನ್ನು ನೋಡಿ ಅಪ್ಪ ಅಂತ ಕರೆಯಬೇಕಾ?’

‘ಬಾಗಿಲು ಹಾಕ್ತದೆ ಅಂತ ಹೆದರಿ ತಾಯಿಗೆ ಅನ್ನ ಹಾಕದಿದ್ದರೆ, ಬಾಗಿಲ ಒಳಗೆ ಕೂತು ಎಂತ ಮಾಡ್ಲಿಕ್ಕುಂಟು?’

‘ಆಟಿ ಆಟಿ ಅಂತ ಕೂತಾಗ ಈ ಬುದ್ಧಿ ಎಲ್ಲಿತ್ತು?’

‘ನಾನಲ್ಲ ಅಂತ ನಿನ್ನ ಗಂಡನೇ ಹೇಳಿದ್ದಾನಲ್ಲ!’

ಗೆಳತಿ ಬಂಗುಡೆಯ ತಟ್ಟೆಯನ್ನು ಹಿಡಿದುಕೊಂಡು ಅಡುಗೆಕೋಣೆಗೆ ಹೋದಳು. ಅವನು ಮಾತ್ರ ನಕ್ಕ. ಆ ತಿಂಗಳುಗಳಲ್ಲಿ ಅವನು ನಕ್ಕದ್ದು ನನಗೆ ನೆನಪಿರುವುದು ಅದೊಂದೇ. ಬಹುಶಃ ನನಗೆ ಬೇಕಾಗಿ ನೆನಪಿರುವುದು.

ಆಮೇಲಿನ ವಾರಗಳಲ್ಲಿ ಮನೆ ಎರಡು ಪಕ್ಷವಾಯಿತು. ಅಮ್ಮ ಅವನಿಗೆ ಟಿಕೆಟ್ ಮಾಡಿಸಿದರು. ನಾನು ರದ್ದು ಮಾಡಿಸಿದೆ. ಅವನು ಮತ್ತೆ ಮಾಡಿಸಿದ. ನಾವು ಜಗಳ ಆಡಲಿಲ್ಲ. ಅವನು ಬೆಳಗ್ಗೆ ಮಗಳನ್ನು ಎತ್ತಿಕೊಂಡು ನಮ್ಮ ಬೀದಿಯ ಕೊನೆಯವರೆಗೆ ಹೋಗಿ ಬರುತ್ತಿದ್ದ. ತನಗೆ ಗುರುತಿದ್ದ ಒಬ್ಬೊಬ್ಬರ ಹತ್ತಿರವೂ ನಿಂತು ಮಾತಾಡುತ್ತಿದ್ದ, ಇಸ್ತ್ರಿಯವ, ಹೂವಿನವಳು, ರಿಕ್ಷಾ ಸ್ಟ್ಯಾಂಡಿನವರು. ರಿಕ್ಷಾದವರು ಅವನನ್ನು ‘ಲಂಕೆ’ ಎಂದು ಕರೆಯುತ್ತಾರೆ. ‘ಎಂತ ಲಂಕೆ, ಓಟು ಯಾವಾಗ?’ ಎಂದು ಚುನಾವಣೆ ಬಂದಾಗಲೆಲ್ಲ ಕೆಣಕುತ್ತಾರೆ. ಈ ಸಲ ಓಟು ನಮಗೇ ಎಂದು ಅವರಲ್ಲಿ ಎರಡು ಪಕ್ಷದವರೂ ಮೊದಲೇ ಬರೆದುಕೊಂಡಿದ್ದರು. ಆಗಲಿಲ್ಲ ಎಂದು ಅವನೇ ಅವರಿಗೆ ಹೇಳಿದನಂತೆ. ಅವರಲ್ಲೊಬ್ಬ, ‘ಎಷ್ಟೋ ಜನ ಇಲ್ಲೇ ಹುಟ್ಟಿ ಓಟಿಗೆ ಹೋಗುವುದಿಲ್ಲ ಮಾರಾಯ, ನಿನಗೆಂತ ಅವಸರ?’ ಎಂದನಂತೆ. ಅದನ್ನು ಅವನು ಮನೆಗೆ ಬಂದು ನಗಾಡುತ್ತಾ ಹೇಳಿದ. ಹಾಗಾದರೆ ಅವನು ಎರಡು ಸಲ ನಕ್ಕಿದ್ದಾನೆ. ಮೇಲೆ ಬರೆದದ್ದು ತಪ್ಪು. ಅಳಿಸುವುದಿಲ್ಲ, ಇರಲಿ.

ನವೆಂಬರಿನ ಒಂದು ಬೆಳಗ್ಗೆ ಅವನು ಹೊರಟ. ನಾನು ವಿಮಾನ ನಿಲ್ದಾಣಕ್ಕೆ ಹೋಗಲಿಲ್ಲ. ಇಲ್ಲಿಂದ ಬೆಂಗಳೂರಿಗೆ, ಅಲ್ಲಿಂದ ಕೊಲಂಬೊಗೆ. ಬೆಂಗಳೂರಿನಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಬೀಳುವವರೆಗೆ ಅವನು ದೇಶ ಬಿಟ್ಟವನಲ್ಲ. ಇದು ಗೆಳತಿ ಹೇಳಿಕೊಟ್ಟದ್ದು. ‘ಅಲ್ಲಿಯವರೆಗೆ ಮನಸ್ಸು ಬದಲಾಯಿಸಬಹುದು,’ ಎಂದಿದ್ದಳು.

ಮಧ್ಯಾಹ್ನದ ಊಟದ ಗದ್ದಲ. ನಾನು ಗಲ್ಲಾಪೆಟ್ಟಿಗೆಯ ಮುಂದಿದ್ದೆ. ಮಗಳು ನನ್ನ ಸ್ಟೂಲಿನ ಕೆಳಗೆ ಹಳೆಯ ಬಿಲ್ಲು ಪುಸ್ತಕದಲ್ಲಿ ಗೀಚುತ್ತಿದ್ದಳು. ಫೋನು ಬಂತು.

‘ಸಾಲಿನಲ್ಲಿದ್ದೇನೆ. ಮುಂದೆ ನಾಲ್ಕೈದು ಜನ ಇದ್ದಾರೆ,’ ಎಂದ.

‘ಹೂಂ.’

‘ಹೋಗಲಾ?’

ಫೋನಿನ ಆ ಕಡೆ ಯಾರದೋ ಹೆಸರು ಕರೆಯುವುದು ಕೇಳುತ್ತಿತ್ತು. ನಮ್ಮಲ್ಲಿ ಒಬ್ಬ ಗಿರಾಕಿ ಇನ್ನೊಂದು ಕಾಣೆ ಮೀನಿನ ಫ್ರೈ ಎಂದು ಕೂಗಿದ.

‘ನೀನು ಹೇಳು,’ ಎಂದ. ‘ನೀನು ಹೇಳಿದ ಹಾಗೆ ಮಾಡ್ತೇನೆ. ಆಮೇಲೆ ಯಾರು ಹೇಳಿದ್ದು ಅಂತ ಕೇಳುವುದು ಬೇಡ.’

ನಾನು ಒಂದು ಮಾತು ಹೇಳಿದೆ. ಒಂದೇ ಮಾತು. ಅದು ಯಾವುದು ಎಂದು ಈಗ ನಾನು ಎಷ್ಟು ಕುಳಿತು ನೆನಪಿಸಿಕೊಂಡರೂ ಎರಡು ದನಿ ಕೇಳುತ್ತದೆ, ಎರಡೂ ನನ್ನದೇ. ಒಂದು ಹೋಗು ಎನ್ನುತ್ತದೆ. ಇನ್ನೊಂದು ಬಾ ಎನ್ನುತ್ತದೆ. ಕಾಣೆ ಫ್ರೈ ಎಂದು ಕೂಗಿದವನ ಅಂಗಿಯ ಬಣ್ಣ ಸಹ ನೆನಪಿದೆ. ನಾನು ಹೇಳಿದ್ದು ನೆನಪಿಲ್ಲ.

‘ಆಯ್ತು,’ ಎಂದು ಅವನು ಫೋನು ಇಟ್ಟ.

ಸ್ವಲ್ಪ ಹೊತ್ತಿಗೆ ಮೆಸೇಜು ಬಂತು. ಮುದ್ರೆ ಆಯಿತು ಎಂದಿತ್ತು. ಕೆಳಗೆ, ಮಗಳಿಗೆ ಊಟ ಆಯಿತಾ ಎಂದಿತ್ತು. ನಾನು ಹೇಳಿದಂತೆಯೇ ಮಾಡಿದನೋ ಮೀರಿದನೋ, ಅದು ಅದರಲ್ಲಿ ಇರಲಿಲ್ಲ.

ಅಮ್ಮ ಅಡುಗೆಕೋಣೆಯ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಸೌಟು ಇತ್ತು, ಸಾರು ತೊಟ್ಟಿಕ್ಕುತ್ತಿತ್ತು.

‘ಎಂತ ಮಾಡಿದ?’

‘ಹೋದ.’

‘ಮತ್ತೆ ಒಂದು ವರ್ಷವಾ?’

‘ಗೊತ್ತಿಲ್ಲ. ಬಿಟ್ಟರೆ ಇಲ್ಲ. ಬಿಡದಿದ್ದರೆ ಹೌದು.’

ಅಮ್ಮ ಒಳಗೆ ಹೋಗಲಿಲ್ಲ. ಅಂದು ‘ನೀವು ಹೋಗಿ’ ಎಂದು ಹೇಳಿದವರು ಈಗ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದರು.

‘ಫೋನಿನಲ್ಲಿ ನೀನು ಎಂತ ಹೇಳಿದ್ದು?’

ಗಿರಾಕಿಯೊಬ್ಬ ಬಿಲ್ಲು ಚಾಚಿದ. ನಾನು ಚಿಲ್ಲರೆ ಕೊಟ್ಟೆ. ಮಗಳು ಸ್ಟೂಲಿನ ಕೆಳಗಿಂದ, ಅಪ್ಪ ಎಲ್ಲಿ, ಎಂದಳು. ಹೊರಗೆ ಎಂದೆ ನಾನು. ಅವಳು ರಸ್ತೆಯ ಕಡೆ ನೋಡಿದಳು.